ಸಳನ ಹುಲಿ, ಮಗಳ ಊರು: ಹೆಸರಿನ ಕಥೆಗಳನ್ನು ಓದುವ ಬಗೆ

ಹಾಸನದಲ್ಲಿ ಇತಿಹಾಸ ಪಾಠ ಮಾಡುವ ನನಗೆ ಪ್ರತಿ ವರ್ಷವೂ ತಪ್ಪದೆ ಎದುರಾಗುವ ಪ್ರಶ್ನೆ ಸಳನನ್ನು ಕುರಿತದ್ದು. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಅಂದರೆ ಹಿಂದಿನ ಸೊಸೆವೂರಿನಲ್ಲಿ, ಹುಲಿ ಮೇಲೆರಗಿದಾಗ ಜೈನಮುನಿಯು ‘ಹೊಯ್ ಸಳ’, ಅಂದರೆ ‘ಹೊಡೆ, ಸಳ’ ಎಂದು ಕೂಗಿದನಂತೆ, ಸಳ ಅದನ್ನು ಕೊಂದನಂತೆ, ಅದರಿಂದಲೇ ವಂಶಕ್ಕೆ ಹೊಯ್ಸಳ ಎಂಬ ಹೆಸರು ಬಂತಂತೆ. ಇದು ನಡೆದದ್ದೇ ಎಂದು ಮಕ್ಕಳು ಕೇಳುತ್ತಾರೆ. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ಆದರೆ ಅದರಿಂದ ವಿದ್ಯಾರ್ಥಿ ಏನನ್ನೂ ಕಲಿಯುವುದಿಲ್ಲ. ಹೆಸರು ಮೊದಲು ಯಾವ ರೂಪದಲ್ಲಿ ಸಿಗುತ್ತದೆ, ಕಥೆ ಯಾವಾಗಿನಿಂದ ಸಿಗುತ್ತದೆ ಎಂಬ ಎರಡನ್ನೂ ಬೇರೆಬೇರೆಯಾಗಿ ಹುಡುಕಲು ನಾನು ಹೇಳುತ್ತೇನೆ.

ಹನ್ನೊಂದನೇ ಶತಮಾನದ ಶಾಸನಗಳಲ್ಲೇ ಈ ಮನೆತನದ ಹೆಸರು ‘ಪೊಯ್ಸಳ’ ಎಂದಿದೆ. ಹಳಗನ್ನಡದ ಪಕಾರ ಕ್ರಮೇಣ ಹಕಾರವಾದದ್ದರಿಂದ ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೊಯ್ಸಳರು ಹೊಯ್ಸಳರಾದರು. ಸಳನ ಕಥೆಯಾದರೋ ವಿಷ್ಣುವರ್ಧನನ ಕಾಲದಿಂದ ಮುಂದಕ್ಕೆ ಶಾಸನಗಳಲ್ಲಿ ಎದ್ದು ಕಾಣುತ್ತದೆ. 1116ರ ಸುಮಾರಿಗೆ ತಲಕಾಡಿನಲ್ಲಿ ಚೋಳರನ್ನು ಸೋಲಿಸಿ, 1117ರಲ್ಲಿ ಬೇಲೂರಿನ ದೇವಾಲಯವನ್ನು ಪ್ರತಿಷ್ಠಾಪಿಸಿದ ಅರಸ ಅವನು. ಮಲೆನಾಡಿನಿಂದ ಇಳಿದು ಬಂದು ದೊಡ್ಡ ರಾಜ್ಯವಾಗಿ ಬೆಳೆಯುತ್ತಿದ್ದ ಮನೆತನಕ್ಕೆ ಪರಾಕ್ರಮದ ಮೂಲಪುರುಷನೊಬ್ಬ ಬೇಕಾಗಿದ್ದನೆಂದು ಊಹಿಸುವುದು ಸಹಜ. ಹುಲಿ ಚೋಳರ ಲಾಂಛನವಾದ್ದರಿಂದ ಈ ಕಥೆಯಲ್ಲಿ ತಲಕಾಡಿನ ಗೆಲುವಿನ ಛಾಯೆ ಕಾಣುವವರೂ ಇದ್ದಾರೆ. ಆದರೆ ಬೇಲೂರಿನ ದೇವಾಲಯದ ಪೂರ್ವದ್ವಾರದ ಇಕ್ಕೆಲಗಳಲ್ಲಿರುವ, ಸಳ ಮೃಗದೊಡನೆ ಹೋರಾಡುವ ಶಿಲ್ಪದ ಮುಂದೆ ವಿದ್ಯಾರ್ಥಿಗಳನ್ನು ನಿಲ್ಲಿಸಿದರೆ ಅವರು ಮೊದಲು ಗಮನಿಸುವುದು ಆ ಮೃಗದ ಕೊರಳ ಸುತ್ತಲಿನ ಸುರುಳಿ ಸುರುಳಿಯಾದ ಕೇಸರವನ್ನು. ಅದು ಹುಲಿಗಿಂತ ಸಿಂಹವನ್ನೇ ಹೋಲುತ್ತದೆ. ಆದ್ದರಿಂದ ಆ ವ್ಯಾಖ್ಯಾನವನ್ನು ಊಹೆಯೆಂದು ಇಟ್ಟುಕೊಳ್ಳಬೇಕೇ ಹೊರತು ಪರೀಕ್ಷೆಯಲ್ಲಿ ಸತ್ಯವೆಂದು ಬರೆಯಬಾರದು.

ಚಿಕ್ಕಮಗಳೂರಿನ ಹೆಸರು ಇನ್ನೂ ಒಳ್ಳೆಯ ಪಾಠ. ಸಕ್ಕರೆಪಟ್ಟಣದ ರುಕ್ಮಾಂಗದ ರಾಜ ಹಿರಿಯ ಮಗಳಿಗೆ ಹಿರೇಮಗಳೂರನ್ನೂ ಕಿರಿಯಳಿಗೆ ಚಿಕ್ಕಮಗಳೂರನ್ನೂ ಬಳುವಳಿಯಾಗಿ ಕೊಟ್ಟನೆಂಬ ಕಥೆ ಆ ಜಿಲ್ಲೆಯ ಪ್ರತಿ ಮನೆಗೂ ಗೊತ್ತು. ಹಳೆಯ ಶಾಸನಗಳಲ್ಲಿ ಈ ಎರಡೂ ಊರುಗಳು ಪಿರಿಯ ಮುಗುಳಿ, ಕಿರಿಯ ಮುಗುಳಿ. ಅಲ್ಲಿ ಹಿರಿದು ಕಿರಿದು ಎಂಬ ಭೇದವಿದೆ, ಮಗಳಿಲ್ಲ. ಮುಗುಳಿ ಎಂಬ ರೂಪ ಬಾಯಿಂದ ಬಾಯಿಗೆ ಸವೆದು ಮಗಳೂರಾದ ಮೇಲೆ ಹೆಣ್ಣುಮಕ್ಕಳ ಕಥೆ ಅದಕ್ಕೆ ಕೂಡಿಕೊಂಡಿರಬೇಕು ಎಂಬುದು ನನ್ನ ತೀರ್ಮಾನ. ಕಥೆ ಸುಂದರವಾಗಿದೆ, ಅದನ್ನು ಮಕ್ಕಳಿಗೆ ಹೇಳಲೇಬೇಕು. ಕಲ್ಲಿನ ಮೇಲಿನ ಹೆಸರನ್ನೂ ಜೊತೆಗೇ ಹೇಳಬೇಕು.

ಹಳೇಬೀಡೆಂದರೆ ಹಾಳಾದ ಊರು ಎಂಬ ಮಾತು ಬಹಳ ಕಡೆ ಅಚ್ಚಾಗಿದೆ. ಬೀಡೆಂದರೆ ಅರಸನ ನೆಲೆ, ಪಾಳೆಯ. ದೋರಸಮುದ್ರವೆಂಬ ಹೊಯ್ಸಳರ ರಾಜಧಾನಿ ಹಳೆಯ ನೆಲೆಯಾಗಿ ಉಳಿಯಿತು, ಅಷ್ಟೆ. 1311ರ ದೆಹಲಿಯ ಸೇನಾನಿ ಮಲಿಕ್ ಕಾಫರನ ದಾಳಿಯೊಂದಿಗೇ ಎಲ್ಲವೂ ಮುಗಿಯಿತೆಂಬುದೂ ಸರಿಯಲ್ಲ, ಹೊಯ್ಸಳ ಅರಸ ಮೂರನೇ ಬಲ್ಲಾಳ ಆಮೇಲೂ ಮೂರು ದಶಕಗಳ ಕಾಲ ಆಳಿದ.

ನುಡಿಗಟ್ಟುಗಳ ವಿಷಯದಲ್ಲಿ ಒಮ್ಮೊಮ್ಮೆ ಊಹೆಯ ಅಗತ್ಯವೇ ಬೀಳುವುದಿಲ್ಲ. ‘ಸೂರ್ಯಚಂದ್ರರಿರುವ ತನಕ’ ಎಂದು ನಾವು ಇಂದಿಗೂ ಆಡುವ ಮಾತು ದಾನಶಾಸನಗಳಲ್ಲಿ ‘ಆಚಂದ್ರಾರ್ಕ’ ಎಂದು ಬರುತ್ತದೆ: ಕೊಟ್ಟ ಭೂಮಿ ಅಲ್ಲಿಯವರೆಗೆ ನಡೆಯಬೇಕೆಂಬ ಕರಾರು. ಓದು ಬಾರದವರಿಗೂ ತಿಳಿಯಲೆಂಬಂತೆ ಕಲ್ಲಿನ ನೆತ್ತಿಯಲ್ಲಿ ಸೂರ್ಯನನ್ನೂ ಅರ್ಧಚಂದ್ರನನ್ನೂ ಕೆತ್ತಿ, ಹಲವೆಡೆ ನಡುವೆ ಲಿಂಗವನ್ನೋ ಕರುವಿಗೆ ಹಾಲೂಡುವ ಹಸುವನ್ನೋ ತೋರಿಸಿದ್ದಾರೆ. ಮಾತು ಮೊದಲೋ ಶಾಸನ ಮೊದಲೋ ಎಂದು ಕೇಳುವ ವಿದ್ಯಾರ್ಥಿಗೆ, ಕನಿಷ್ಠಪಕ್ಷ ಅದರ ಕಾನೂನಿನ ಬಳಕೆಯನ್ನು ಹಳ್ಳಿಯ ಗುಡಿಯ ಪಕ್ಕದಲ್ಲೇ ತೋರಿಸಬಹುದು.

ಬಿ.ಎಲ್. ರೈಸ್ ಸಂಪಾದಿಸಿದ ಶಾಸನಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಂದಿನ ಕಡೂರು ಜಿಲ್ಲೆಯ, ಅಂದರೆ ಈಗಿನ ಚಿಕ್ಕಮಗಳೂರು ಜಿಲ್ಲೆಯ ಸಂಪುಟ 1901ರಲ್ಲೂ ಹಾಸನದ್ದು 1902ರಲ್ಲೂ ಪ್ರಕಟವಾದವು. ಶಾಸನಗಳು ತಾಲ್ಲೂಕುವಾರು ಇರುವುದರಿಂದ ವಿದ್ಯಾರ್ಥಿಯು ತನ್ನ ತಾಲ್ಲೂಕಿನ ಭಾಗವನ್ನು ತೆರೆದು, ಊರಿನ ಹೆಸರನ್ನು ಈಗಿನ ರೂಪದಲ್ಲಿ ಮಾತ್ರವಲ್ಲದೆ ಹಕಾರದ ಜಾಗದಲ್ಲಿ ಪಕಾರವಿಟ್ಟೂ ಹುಡುಕಬೇಕು.