ಯಾಕೆ ಬಂದೆ ಎಂದು ಕೇಳದ ಕಾನೂನು

ಸುಡಾನಿನ ಹುಡುಗನೊಬ್ಬ ಫೈಲು ಹಿಡಿದು ನನ್ನ ಚೇಂಬರಿಗೆ ಬಂದಾಗ ಅವನ ವಿದ್ಯಾರ್ಥಿ ವೀಸಾ ಮುಗಿಯಲು 11 ದಿನ ಉಳಿದಿತ್ತು. ಇಲ್ಲೇ ಬಿಕಾಂ ಮುಗಿಸಿದ್ದಾನೆ. ಊರು ಎಲ್ ಫಾಷರ್. (ಊರಿನ ಹೆಸರೊಂದನ್ನು ಬಿಟ್ಟು ಅವನ ಉಳಿದ ವಿವರಗಳನ್ನು ಬದಲಿಸಿದ್ದೇನೆ.)

ಆ ಊರಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಶುರುವಾದಾಗ, ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದದ್ದು ಅಲ್ಲೇ. 'ಆಪರೇಷನ್ ಕಾವೇರಿ'ಯಲ್ಲಿ ಪೋರ್ಟ್ ಸುಡಾನ್, ಜೆಡ್ಡಾ ದಾಟಿಸಿ ಅವರನ್ನು ಕರೆತಂದರು. ಮನೆಮನೆಯಲ್ಲೂ ಆ ಸುದ್ದಿ ನೋಡಿ ನಿಟ್ಟುಸಿರು ಬಿಟ್ಟೆವು. ಒಂದೂವರೆ ವರ್ಷದ ಮುತ್ತಿಗೆಯ ನಂತರ 2025ರ ಅಕ್ಟೋಬರ್‌ನಲ್ಲಿ ಸುಡಾನ್ ಸೇನೆಯ ವಿರುದ್ಧ ಹೋರಾಡುತ್ತಿರುವ ಅರೆಸೇನಾ ಪಡೆ ಆರ್‌ಎಸ್‌ಎಫ್ ಎಲ್ ಫಾಷರನ್ನು ಹಿಡಿದು ಕಗ್ಗೊಲೆ ನಡೆಸಿತು. ನಮ್ಮವರನ್ನು ಎಂಥ ಜಾಗದಿಂದ ಬಿಡಿಸಿ ತಂದೆವೋ, ಈ ಹುಡುಗ ವಾಪಸ್ ಹೋಗಬೇಕಾದದ್ದು ಅಲ್ಲಿಗೇ.

ವೀಸಾ ಮುಗಿದ ಮರುದಿನ ನಮ್ಮ ಕಾನೂನಿನ ಕಣ್ಣಿಗೆ ಅವನು ಅಪರಾಧಿ. 1946ರ ವಿದೇಶಿಯರ ಕಾಯ್ದೆಯೂ ಸೇರಿ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಅವಧಿ ಮೀರಿ ಉಳಿದವರಿಗೆ 3 ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ಕೆಲಸದ ಆಸೆಗೆ ಉಳಿದವನೂ ಜೀವಭಯದಿಂದ ಉಳಿದವನೂ ಅಲ್ಲಿ ಒಂದೇ. ನಿರಾಶ್ರಿತ ಎಂಬ ವರ್ಗವೇ ಆ ಕಾಯ್ದೆಯಲ್ಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೂ ಭಾರತ ಸಹಿ ಹಾಕಿಲ್ಲ.

ಜನ ಗಡಿ ಎಂದರೆ ಮುಳ್ಳುತಂತಿಯನ್ನು ನೆನೆಯುತ್ತಾರೆ. ನನ್ನ ಕಕ್ಷಿದಾರರಿಗೆ ಗಡಿ ಇರುವುದು ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿ, ವಿದೇಶಿಯರ ನೋಂದಣಿ ಕಚೇರಿಯ ಕೌಂಟರಿನಲ್ಲಿ. ಅಲ್ಲಿ ಕೇಳುವುದು ಪಾಸ್‌ಪೋರ್ಟ್ ಎಲ್ಲಿ, ವೀಸಾ ಎಲ್ಲಿ, ಎಲ್ಲಿ ವಾಸ ಎಂದು. ಪಾಸ್‌ಪೋರ್ಟ್ ಅವಧಿ ಮುಗಿದಿದ್ದರೆ ವೀಸಾ ಮುಂದುವರಿಯದು. ಪಾಸ್‌ಪೋರ್ಟ್ ಬೇಕೆಂದರೆ ತಾನು ಹೆದರಿ ಓಡಿಬಂದ ದೇಶದ ರಾಯಭಾರ ಕಚೇರಿಯ ಬಾಗಿಲನ್ನೇ ತಟ್ಟಬೇಕು. ಈ ಸುಳಿಯಲ್ಲಿ ಸಿಕ್ಕವರು ಸುಳ್ಳುಗಾರರಾಗಿ ಕಾಣುವುದನ್ನು ಎಷ್ಟೋ ಸಲ ನೋಡಿದ್ದೇನೆ. ಎಫ್‌ಐಆರ್ ಆಗಿ ಜಾಮೀನು ಸಿಕ್ಕರೂ ಮನೆಗೆ ಹೋಗುವ ಖಾತ್ರಿಯಿಲ್ಲ. ನೆಲಮಂಗಲದ ಬಳಿ ಸೊಂಡೆಕೊಪ್ಪದಲ್ಲಿ, ಒಂದು ಕಾಲಕ್ಕೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡ ಈಗ ವಿದೇಶಿಯರ ಬಂಧನ ಕೇಂದ್ರ.

ಭಯದ ಕಾರಣ ಕೇಳುವ ದಾರಿ ಒಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೆ. 2011ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಒಂದು ಕಾರ್ಯವಿಧಾನ ಹೊರಡಿಸಿತು. ಜನಾಂಗ, ಧರ್ಮ, ಲಿಂಗ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ ಇಂಥ ಕಾರಣಕ್ಕೆ ಕಿರುಕುಳದ ಭಯವಿದೆ ಎಂದು ಮೇಲ್ನೋಟಕ್ಕೆ ಕಂಡರೆ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಬಹುದು. ಅದು ಸಿಕ್ಕವರು ಖಾಸಗಿ ಕೆಲಸ ಮಾಡಬಹುದು, ಓದಬಹುದು. ಇಲ್ಲೊಂದು ಸೂಕ್ಷ್ಮವಿದೆ. "ಊರಿನಲ್ಲಿ ಬಾಂಬ್ ಬೀಳುತ್ತಿದೆ" ಎಂದಷ್ಟೇ ಬರೆದರೆ ಸಾಲದು, ಬಾಂಬ್ ಎಲ್ಲರ ಮೇಲೂ ಬೀಳುತ್ತದೆ. ತನ್ನನ್ನೇ, ತನ್ನ ಗುರುತಿನ ಕಾರಣಕ್ಕೇ ಹುಡುಕಿ ಕೊಲ್ಲುತ್ತಾರೆ ಎಂಬುದನ್ನು ತೋರಿಸಬೇಕು. ಹುಡುಗ ಝಘಾವಾ ಜನಾಂಗದವನು. ಎಲ್ ಫಾಷರ್‌ನಲ್ಲಿ ಆರ್‌ಎಸ್‌ಎಫ್ ಹುಡುಕಿ ಕೊಂದದ್ದು ಆ ಜನರನ್ನೇ. ಇದು ಅವನ ಮೊದಲ ಕರಡಿನಲ್ಲಿ ಎಲ್ಲೂ ಇರಲಿಲ್ಲ. ಕೇಳಿದೆ. "ಜಾತಿ ಹೇಳಿಕೊಂಡರೆ ತಪ್ಪಾದೀತು ಅಂದುಕೊಂಡೆ" ಎಂದ.

ಆದರೆ ಇದು ಆಡಳಿತದ ಸೂಚನೆಯೇ ಹೊರತು ಕಾಯ್ದೆಯಲ್ಲ. ಹಕ್ಕೆಂದು ಒತ್ತಾಯಿಸಲು ಬಾರದು. ನಮ್ಮಲ್ಲಿ ಆಶ್ರಯ ಯಾವತ್ತೂ ಹೀಗೆಯೇ, ಸರ್ಕಾರದ ಮನಸ್ಸಿನ ಮೇಲೆ ನಿಂತಿದೆ. ಮನಸ್ಸು ದೊಡ್ಡದಿದ್ದಾಗ ದೊಡ್ಡ ಕೆಲಸಗಳೂ ಆಗಿವೆ. ಆಗಿನ ಮೈಸೂರು ಸರ್ಕಾರದಿಂದ ಟಿಬೆಟನ್ನರಿಗೆ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಸಿಕ್ಕಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲಗಳಲ್ಲೂ ವಸತಿಗಳಾದವು. ಹೊಸ ಕಾಯ್ದೆಯ ಜೊತೆಗೇ ಬಂದ ವಿನಾಯಿತಿ ಆದೇಶ, ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳಿಂದ 2024ರ ಡಿಸೆಂಬರ್ 31ರೊಳಗೆ ಆಶ್ರಯಕ್ಕೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಶಿಕ್ಷೆಯಿಂದ ಹೊರಗಿಟ್ಟಿದೆ. ಅವರಿಗೆ ಸಿಕ್ಕಿದ್ದು ಸರಿಯೇ. ಪಟ್ಟಿಯ ಹೊರಗಿನ ದೇಶದಿಂದ, ಹೊರಗಿನ ಧರ್ಮದಿಂದ ಬಂದವನ ಭಯವನ್ನು ಯಾರು ಅಳೆಯಬೇಕು?

ನ್ಯಾಯಾಲಯಗಳೂ ಒಂದೇ ಮಾತು ಹೇಳಿಲ್ಲ. ಸಂವಿಧಾನದ 21ನೇ ವಿಧಿಯ ಜೀವದ ಹಕ್ಕು ವಿದೇಶಿಯರಿಗೂ ಉಂಟೆಂದು 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರ ಏಪ್ರಿಲ್‌ನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ಪ್ರಕರಣದಲ್ಲಿ ಅದೇ ಕೋರ್ಟ್, ಗಡೀಪಾರು ಆಗದಿರುವ ಹಕ್ಕು ನಾಗರಿಕರಿಗಷ್ಟೇ ಎಂದಿತು. ಮರುತಿಂಗಳೇ ಮಣಿಪುರ ಹೈಕೋರ್ಟ್, ಮ್ಯಾನ್ಮಾರ್‌ನಿಂದ ಬಂದ ಕೆಲವರಿಗೆ ದೆಹಲಿಯಲ್ಲಿರುವ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್‌ನ ಕಚೇರಿಗೆ ಹೋಗಲು ದಾರಿ ಬಿಡಿಸಿಕೊಟ್ಟಿತು. ಎದುರು ಕೂತ ಕಕ್ಷಿದಾರನಿಗೆ ನಾನು ಯಾವ ತೀರ್ಪನ್ನು ಓದಿ ಧೈರ್ಯ ಹೇಳಲಿ?

ನಾನು ಕೇಳುತ್ತಿರುವುದು ತೆರೆದ ಬಾಗಿಲನ್ನಲ್ಲ. ಭಯದ ಕಾರಣವಿಲ್ಲದವರನ್ನು ವಾಪಸ್ ಕಳಿಸುವ ಅಧಿಕಾರ ಸರ್ಕಾರಕ್ಕಿದೆ, ಇರಬೇಕು. ಕಳಿಸುವ ಮೊದಲು ತರಬೇತಾದ ಅಧಿಕಾರಿಯೊಬ್ಬರು, ಭಾಷೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹಿಂದಿರುಗಿದರೆ ನಿನಗೇನಾಗುತ್ತದೆ" ಎಂದು ಕೇಳಿ ಬರೆದುಕೊಳ್ಳುವುದನ್ನು ಕಾಯ್ದೆಯೇ ಕಡ್ಡಾಯ ಮಾಡಲಿ. ದೇಶದ ಭದ್ರತೆಗೂ ಅದೇ ಒಳ್ಳೆಯದು. ಹೆದರಿ ಬಚ್ಚಿಟ್ಟುಕೊಂಡವನ ಬಗ್ಗೆ ಸರ್ಕಾರಕ್ಕೆ ಏನೂ ಗೊತ್ತಿರುವುದಿಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕ 104 ಭಾರತೀಯರನ್ನು ಕೋಳ ತೊಡಿಸಿ ಅಮೃತಸರಕ್ಕೆ ತಂದಿಳಿಸಿದಾಗ ನಮಗೆಲ್ಲ ಹೊಟ್ಟೆ ಉರಿದಿತ್ತು. ಆ ಉರಿಯನ್ನು ನಾವು ಮರೆಯಬಾರದು.

ಕೇಳದೆ ತೀರ್ಮಾನಿಸುವ ಚಾಳಿ ವಿದೇಶಿಯರಲ್ಲೇ ನಿಲ್ಲುವುದೂ ಇಲ್ಲ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಯರ ಗುಡಿಸಲು ಎಂದು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ನಮ್ಮ ಉತ್ತರ ಕರ್ನಾಟಕದ ಕೂಲಿಗಳೂ ಇದ್ದರು. ಹೈಕೋರ್ಟ್ ನಡುವೆ ಬರಬೇಕಾಯಿತು.

ಹುಡುಗನ ಅರ್ಜಿಯನ್ನು ವೀಸಾ ಮುಗಿಯುವ ಹಿಂದಿನ ದಿನ ಸಲ್ಲಿಸಿದೆವು. ಉತ್ತರ ಇನ್ನೂ ಬಂದಿಲ್ಲ. ಬೀಟ್ ಪೊಲೀಸರು ಬಂದರೆ ತಕ್ಷಣ ಕಾಣಲೆಂದು ಸ್ವೀಕೃತಿಯ ಜೆರಾಕ್ಸನ್ನು ರೂಮಿನ ಬಾಗಿಲ ಹಿಂದೆ ಅಂಟಿಸಿಕೊಂಡಿದ್ದಾನೆ.