ಗೋಡೆ ಕಟ್ಟಿದವರಿಗೆ ಕೂಲಿ ಕೊಟ್ಟವರು ಯಾರು?

ಹದಿಹರೆಯದ ಓದುಗರಿಗಾಗಿ ಬರೆದ ಡಿಸ್ಟೋಪಿಯ (ದಬ್ಬಾಳಿಕೆಯ ಕರಾಳ ಭವಿಷ್ಯಲೋಕವನ್ನು ಚಿತ್ರಿಸುವ) ಕಾದಂಬರಿಯ ಹಸ್ತಪ್ರತಿ ನನ್ನ ಮೇಜಿಗೆ ಬಂದಾಗ, ಮೊದಲ ಅಧ್ಯಾಯವನ್ನು ದಾಟಿ ಎರಡನೆಯದರಿಂದ ಓದಲು ತೊಡಗುವ ಕೆಟ್ಟ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಮೊದಲ ಅಧ್ಯಾಯದಲ್ಲಿ ಏನಿರುತ್ತದೆಂಬುದು ಬಹುಮಟ್ಟಿಗೆ ಗೊತ್ತಿರುತ್ತದೆ: ಮಹಾಯುದ್ಧವೊಂದು ಮುಗಿದಿದೆ, ಎತ್ತರದ ಗೋಡೆಯೊಳಗೆ ಒಂದು ನಗರ ಉಳಿದಿದೆ, ಜನರನ್ನು ಐದೋ ಏಳೋ ವಲಯಗಳಾಗಿ ವಿಂಗಡಿಸಲಾಗಿದೆ, ಹದಿನಾರು ತುಂಬಿದವರಿಗೆ ಪರೀಕ್ಷೆಯೊಂದು ಕಾದಿದೆ. ನಾಯಕಿ ಧೈರ್ಯವಂತೆ. ಆಕೆಯ ಬಗ್ಗೆ ಕೊನೆಯ ಪುಟದವರೆಗೂ ನಮಗೆ ತಿಳಿಯುವುದು ಹೆಚ್ಚುಕಡಿಮೆ ಅಷ್ಟೇ.

'ಪಾತ್ರಗಳು ಬೆಳೆದಿಲ್ಲ, ಲೋಕವೂ ಗಟ್ಟಿಯಾಗಿಲ್ಲ' ಎಂದು ಸಂಪಾದಕಿಯಾಗಿ ನಾನು ಟಿಪ್ಪಣಿ ಬರೆದರೆ, ಲೇಖಕರು ಅದನ್ನು ಎರಡು ಬೇರೆ ಬೇರೆ ಕಾಯಿಲೆಗಳೆಂದು ಭಾವಿಸಿ ಎರಡು ಔಷಧ ಹಾಕಿ ಕಳುಹಿಸುತ್ತಾರೆ. ಪಾತ್ರಕ್ಕೆ ಸತ್ತ ತಂದೆಯ ನೆನಪು ಮತ್ತು ಹಣೆಯ ಮೇಲೊಂದು ಗಾಯದ ಗುರುತು; ಲೋಕಕ್ಕೆ ಹತ್ತು ಪುಟದ ಇತಿಹಾಸ, ಒಂದು ಭೂಪಟ, ಒಂದು ರಾಷ್ಟ್ರಗೀತೆ. ಹಸ್ತಪ್ರತಿ ದಪ್ಪವಾಗುತ್ತದೆ, ಕಥೆ ಮಾತ್ರ ಮೊದಲಿನಷ್ಟೇ ತೆಳುವಾಗಿರುತ್ತದೆ. ಎಷ್ಟು ಸಲ ಹೇಳಿದರೂ ತಲುಪದ ಮಾತು ಇದೊಂದೇ: ಆ ಎರಡು ದೋಷಗಳು ವಾಸ್ತವವಾಗಿ ಒಂದೇ ದೋಷ. ಪ್ರಭುತ್ವದ ಕಾನೂನು ಒಬ್ಬ ಹುಡುಗಿಯ ಬೆಳಗಿನ ಊಟದವರೆಗೆ, ಆಕೆ ತಾಯಿಯಿಂದ ಮುಚ್ಚಿಡುವ ಗುಟ್ಟಿನವರೆಗೆ ಬಂದು ಮುಟ್ಟದಿದ್ದರೆ ಕಾನೂನೂ ಸುಳ್ಳಾಗುತ್ತದೆ, ಹುಡುಗಿಯೂ ಸುಳ್ಳಾಗುತ್ತಾಳೆ.

2008ರಲ್ಲಿ ಪ್ರಕಟವಾದ ಸುಝಾನ್ ಕಾಲಿನ್ಸ್ ಅವರ 'ದಿ ಹಂಗರ್ ಗೇಮ್ಸ್' ಕಾದಂಬರಿಯನ್ನು ಮಾದರಿಯಾಗಿ ಇಟ್ಟುಕೊಂಡವರು ಸಾಮಾನ್ಯವಾಗಿ ಅದರ ಕಣವನ್ನೂ ಕಾದಾಟವನ್ನೂ ಎತ್ತಿಕೊಳ್ಳುತ್ತಾರೆ, ಅದರ ಧಾನ್ಯದ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ಕಣದಲ್ಲಿ ಸಾವಿನವರೆಗೆ ಕಾದಾಡಬೇಕಾದವರನ್ನು ಆರಿಸಲು 12ರಿಂದ 18 ವರ್ಷದ ಮಕ್ಕಳ ಹೆಸರುಗಳನ್ನು ಚೀಟಿ ಎತ್ತಲು ಹಾಕಲಾಗುತ್ತದೆ. ಹಸಿದ ಮನೆಯ ಮಗು ಇನ್ನೊಂದು ಚೀಟಿ ಹಾಕಲು ಒಪ್ಪಿದರೆ ಒಬ್ಬರಿಗೆ ಒಂದು ವರ್ಷಕ್ಕಾಗುವಷ್ಟು ಧಾನ್ಯ ಮತ್ತು ಎಣ್ಣೆ ಸಿಗುತ್ತದೆ, ಮತ್ತು ಆ ಚೀಟಿಗಳು ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತವೆ. ಕಥಾನಾಯಕಿ, ಹದಿನಾರರ ಕ್ಯಾಟ್ನಿಸ್‌ಳ ಹೆಸರು 20 ಚೀಟಿಗಳಲ್ಲಿದೆ. ಆ ಪ್ರಭುತ್ವ ಹಸಿವನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದನ್ನೂ, ತಾಯಿ ಮತ್ತು ತಂಗಿಗಾಗಿ ಈ ಹುಡುಗಿ ಹನ್ನೆರಡನೇ ವಯಸ್ಸಿನಿಂದ ತನ್ನನ್ನು ಹೇಗೆ ಅಡವಿಟ್ಟುಕೊಂಡು ಬಂದಿದ್ದಾಳೆ ಎಂಬುದನ್ನೂ ಆ ಒಂದೇ ಸಂಖ್ಯೆ ತಿಳಿಸುತ್ತದೆ. ಅದು ಲೋಕದ ವಿವರವೇ, ಪಾತ್ರದ ವಿವರವೇ ಎಂದು ಕೇಳಿದರೆ ಬೇರ್ಪಡಿಸಿ ಹೇಳಲು ನನಗೆ ಬರುವುದಿಲ್ಲ.

ಹಿರಿಯರಿಗಾಗಿ ಬರೆದದ್ದಾದರೂ, 1949ರಲ್ಲಿ ಬಂದ ಜಾರ್ಜ್ ಆರ್ವೆಲ್‌ರ 'ನೈನ್‌ಟೀನ್ ಎಯ್ಟಿ-ಫೋರ್' ಕಾದಂಬರಿಯಲ್ಲೂ ಇದೇ ಕೆಲಸ ನಡೆದಿದೆ. ವಾರದ ಚಾಕೊಲೇಟ್ ಪಡಿತರ 30 ಗ್ರಾಮಿನಿಂದ 20 ಗ್ರಾಮಿಗೆ ಇಳಿಯುತ್ತದೆ. ಮರುದಿನವೇ ಅದನ್ನು 20 ಗ್ರಾಮಿಗೆ ಏರಿಸಿದ್ದಕ್ಕಾಗಿ ಜನ ಮೆರವಣಿಗೆಯಲ್ಲಿ ಕೃತಜ್ಞತೆ ಸಲ್ಲಿಸಿದರೆಂಬ ವಾರ್ತೆ ಬರುತ್ತದೆ. ಪಡಿತರ ಇಳಿಸುವುದಿಲ್ಲವೆಂದು ಸರ್ಕಾರ ಕೊಟ್ಟಿದ್ದ ಹಳೆಯ ಭರವಸೆಯನ್ನು ದಾಖಲೆಯಲ್ಲಿ ತಿದ್ದಿದವನು ಕಥಾನಾಯಕನೇ. ತಾನು ದ್ವೇಷಿಸುವ ಯಂತ್ರಕ್ಕೆ ದಿನವೂ ಎಣ್ಣೆ ಹಾಕುವ ಗುಮಾಸ್ತ ಅವನು, ಅದೂ ಕೆಲಸದಲ್ಲಿ ಸಂತೋಷಪಡುವ ಗುಮಾಸ್ತ. ನನಗೆ ಬರುವ ಹಸ್ತಪ್ರತಿಗಳಲ್ಲಿ ಇಂಥ ಗುಮಾಸ್ತರೇ ಇರುವುದಿಲ್ಲ. ಒಬ್ಬ ಕ್ರೂರ ಅಧ್ಯಕ್ಷ ಮತ್ತು ಮುಖವಿಲ್ಲದ ಕಾವಲುಗಾರರು ಸೇರಿ ಇಡೀ ನಗರವನ್ನು ನಡೆಸುತ್ತಾರೆ, ಅದರಿಂದ ಯಾರಿಗೂ ಲಾಭವಾಗುವುದಿಲ್ಲ.

ಎಲ್ಲ ಕೃತಿಗಳಿಗೂ ಇದು ಅನ್ವಯಿಸುತ್ತದೆಂದು ನಾನು ಹೇಳಲಾರೆ. ನೀತಿಕಥೆಯ ಜಾಡಿನಲ್ಲಿ ಸಾಗುವ ಚಿಕ್ಕ ಕಾದಂಬರಿ ಬೇಕೆಂದೇ ತನ್ನ ಲೋಕವನ್ನು ಬರಿದಾಗಿ ಇಟ್ಟುಕೊಳ್ಳಬಹುದು, ಓಟವೇ ಮುಖ್ಯವಾದ ಕಥೆಯಲ್ಲಿ ಓದುಗ ಕೆಲವು ಪ್ರಶ್ನೆಗಳನ್ನು ಮನ್ನಿಸಲೂಬಹುದು. ಆದರೆ ಮೂರು ಸಂಪುಟಗಳ ಯೋಜನೆ ಇಟ್ಟುಕೊಂಡವರಿಗೆ ಆ ರಿಯಾಯಿತಿ ಸಿಗುವುದು ಕಷ್ಟ, ಹದಿನೈದರ ಓದುಗರಂತೂ ನಾವಂದುಕೊಂಡಷ್ಟು ಉದಾರಿಗಳಲ್ಲ.

ಒಮ್ಮೆ ಒಬ್ಬ ತರುಣ ಲೇಖಕ ಏಳು ವಲಯಗಳಿಗೆ ಏಳು ಬಣ್ಣ ತುಂಬಿದ ಭೂಪಟದೊಂದಿಗೆ ಬಂದಿದ್ದರು. ಆ ಗೋಡೆ ಕಟ್ಟಿದವರಿಗೆ ಕೂಲಿ ಕೊಟ್ಟವರು ಯಾರು, ನಿಮ್ಮ ನಾಯಕಿಯ ತಾಯಿ ಹಗಲೆಲ್ಲ ಏನು ಮಾಡುತ್ತಾಳೆ ಎಂದು ಕೇಳಿದೆ. 'ಮೇಡಂ, ಅದೆಲ್ಲ ಎರಡನೇ ಸಂಪುಟದಲ್ಲಿ ಬರುತ್ತದೆ' ಎಂದರು. ನಾನು ಸ್ವಲ್ಪ ಒರಟಾಗಿಯೇ ಮಾತನಾಡಿದೆನೆಂದು ತೋರುತ್ತದೆ. ನಾಲ್ಕು ತಿಂಗಳು ಅವರ ಸುದ್ದಿಯಿರಲಿಲ್ಲ.

ಆಮೇಲೆ ಮೂರು ಪುಟ ಬಂದವು. ತಾಯಿ ಕಾವಲುಗಾರರ ಸಮವಸ್ತ್ರ ಒಗೆಯುತ್ತಾಳೆ. ಬಿಸಿನೀರು ಹಾಕಿದರೆ ರಕ್ತದ ಕಲೆ ಕಚ್ಚಿಕೊಳ್ಳುತ್ತದೆಂದು ಗೊತ್ತಿರುವುದರಿಂದ ಚಳಿಗಾಲದಲ್ಲೂ ತಣ್ಣೀರಿನಲ್ಲಿಯೇ ನೆನೆಹಾಕುತ್ತಾಳೆ. ಹಿಂದಿನ ರಾತ್ರಿ ಯಾವ ಬೀದಿಗೆ ಕಾವಲುಗಾರರು ಹೋಗಿದ್ದರೆಂಬುದು ಮಗಳಿಗೆ ತಿಳಿಯುವುದು ಬಟ್ಟೆಯ ರಾಶಿಯಿಂದ. ಶಾಲೆಯಲ್ಲಿ ಪಕ್ಕದ ಬೆಂಚು ಖಾಲಿಯಾಗುವ ಮೊದಲೇ ಆಕೆಗೆ ಅದು ಗೊತ್ತು, ಹೇಳಿದರೆ ತಾಯಿಯ ಕೆಲಸ ಹೋಗುತ್ತದೆಂಬುದೂ ಗೊತ್ತು. ಆ ಮೂರು ಪುಟಗಳಲ್ಲಿ ಅಧ್ಯಕ್ಷನ ಹೆಸರು ಒಮ್ಮೆಯೂ ಬರಲಿಲ್ಲ. ಭೂಪಟವನ್ನು ಮಾತ್ರ ಅವರು ಕೊನೆಗೂ ತೆಗೆಯಲಿಲ್ಲ, ನಾನೂ ಒತ್ತಾಯಿಸಲಿಲ್ಲ.