ಚೀನಾ ಅಫೀಮಿನ ಹಳೆಯ ಕಡತವನ್ನು ಏಕೆ ಮುಚ್ಚುವುದಿಲ್ಲ?

ಪ್ರಶ್ನೆ: ಅಮೆರಿಕವೋ ಬ್ರಿಟನ್ನೋ ಒಂದು ಮಾತು ಗಟ್ಟಿಯಾಗಿ ಆಡಿದರೆ ಸಾಕು, ಚೀನಾ, ವಿದೇಶಿಯರ ಕೈಯಲ್ಲಿ ತಾನು ಸೋತು ನೆಲ ಕಳೆದುಕೊಂಡ ‘ನೂರು ವರ್ಷಗಳ ಅವಮಾನ’ದ ಕಥೆ ತೆಗೆಯುತ್ತದೆ. ಮೊದಲ ಅಫೀಮು ಯುದ್ಧ ಮುಗಿದು 180 ವರ್ಷ ದಾಟಿದೆ. ಇದು ನಿಜವಾದ ನೋವೋ, ರಾಜಕೀಯದ ನಾಟಕವೋ?

ಎರಡೂ ಹೌದು. ನೋವಿಲ್ಲದಿದ್ದರೆ ನಾಟಕ ನಡೆಯುತ್ತಲೇ ಇರಲಿಲ್ಲ.

2010ರ ನವೆಂಬರ್‌ನಲ್ಲಿ ಬ್ರಿಟನ್ ಪ್ರಧಾನಿ ಡೇವಿಡ್ ಕ್ಯಾಮರೂನ್ ಬೀಜಿಂಗ್‌ಗೆ ಹೋದಾಗ ಅವರ ಕೋಟಿನ ಮೇಲೆ ಕಾಗದದ ಕೆಂಪು ಗಸಗಸೆ ಹೂವಿತ್ತು. ಯುದ್ಧದಲ್ಲಿ ಮಡಿದ ತಮ್ಮ ಯೋಧರ ನೆನಪಿಗೆ ಬ್ರಿಟಿಷರು ಆ ತಿಂಗಳು ಅದನ್ನು ಧರಿಸುತ್ತಾರೆ. ತೆಗೆದಿಡಿ ಎಂದು ಚೀನಾದ ಅಧಿಕಾರಿಗಳು ಕೇಳಿದರು, ಬ್ರಿಟಿಷರು ಒಪ್ಪಲಿಲ್ಲ ಎಂದು ಆಗ ವರದಿಯಾಗಿತ್ತು. ನಮಗೆ ಗಸಗಸೆ ಎಂದರೆ ಪಾಯಸ. ಚೀನೀಯರಿಗೆ ಗಸಗಸೆ ಗಿಡದ ಅಫೀಮು.

ಆ ಅಫೀಮು ಹೋದದ್ದು ನಮ್ಮ ನೆಲದಿಂದಲೇ. ಚೀನಾದ ಚಹಾಕ್ಕೆ ಬೆಳ್ಳಿ ಸುರಿದು ಸುಸ್ತಾದ ಈಸ್ಟ್ ಇಂಡಿಯಾ ಕಂಪನಿ, ಬಿಹಾರ ಮತ್ತು ಬನಾರಸ್ ಸೀಮೆಯ ರೈತರಿಂದ ಅಫೀಮು ಬೆಳೆಸಿ ಕಲ್ಕತ್ತಾದಲ್ಲಿ ಹರಾಜು ಹಾಕುತ್ತಿತ್ತು. ಮುಂದಿನದು ಖಾಸಗಿ ವ್ಯಾಪಾರಿಗಳ ಕಳ್ಳಸಾಗಣೆ, ಕಂಪನಿಯ ಕೈ ಮಾತ್ರ ಸ್ವಚ್ಛ! 1839ರಲ್ಲಿ ಚಕ್ರವರ್ತಿಯ ಅಧಿಕಾರಿ ಲಿನ್ ಝೆಶು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು, ಉಪ್ಪು ಸುಣ್ಣ ಬೆರೆಸಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಬ್ರಿಟನ್ ನೌಕಾಪಡೆ ಕಳುಹಿಸಿತು, ಅದೇ ಮೊದಲ ಅಫೀಮು ಯುದ್ಧ. ಜೊತೆಗೆ ಮದ್ರಾಸಿನ ಸಿಪಾಯಿಗಳೂ ಹೋದರು. ಸೋತ ಚೀನಾದ ಮೇಲೆ ಹೇರಿದ 1842ರ ನಾಂಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದ ‘ಕಾರ್ನ್‌ವಾಲಿಸ್’ ಹಡಗು ಕೂಡ ಮುಂಬಯಿಯಲ್ಲಿ ಕಟ್ಟಿದ ತೇಗದ ಹಡಗು. ಆ ಸಹಿಯಿಂದ ಹಾಂಗ್‌ಕಾಂಗ್ ಹೋಯಿತು, ಐದು ಬಂದರುಗಳು ತೆರೆದವು, 2.1 ಕೋಟಿ ಬೆಳ್ಳಿ ಡಾಲರ್ ದಂಡ ಬಿತ್ತು. ಅದರಲ್ಲಿ 60 ಲಕ್ಷ ಲಿನ್ ಕರಗಿಸಿದ ಅಫೀಮಿನ ಬೆಲೆ. ಮನೆಗೆ ವಿಷ ತಂದವನಿಗೆ ವಿಷದ ಹಣವನ್ನೂ ಕೊಟ್ಟು ಕಳುಹಿಸಿದ ಹಾಗೆ.

ಆಮೇಲೆ ಒಬ್ಬೊಬ್ಬರಾಗಿ ಬಂದರು. 1860ರಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನೆಗಳು ಬೀಜಿಂಗ್‌ನ ಬೇಸಿಗೆ ಅರಮನೆಯನ್ನು ಸುಟ್ಟವು. 1895ರಲ್ಲಿ ಜಪಾನ್ ತೈವಾನನ್ನು ಕಿತ್ತುಕೊಂಡಿತು. 1901ರಲ್ಲಿ, ವಿದೇಶಿಯರ ವಿರುದ್ಧ ಎದ್ದ ಬಾಕ್ಸರ್ ದಂಗೆಯನ್ನು ಅಡಗಿಸಿದ ದೇಶಗಳು 45 ಕೋಟಿ ಟೇಲ್ (ಚೀನಾದ ಹಳೆಯ ತೂಕ) ಬೆಳ್ಳಿಯ ದಂಡ ಹೇರಿದವು. ಚೀನೀಯರಿಗೂ ನಮ್ಮ ಹಾಗೆಯೇ 60 ವರ್ಷಗಳ ಚಕ್ರವಿದೆ. 1901ರ ಹೆಸರೇ 2021ಕ್ಕೂ ಬಂತು (ನಮ್ಮಲ್ಲಿ ಎರಡೂ ಯುಗಾದಿಗೆ ಪ್ಲವ ಸಂವತ್ಸರ). ಆ ಮಾರ್ಚ್‌ನಲ್ಲಿ ಅಲಾಸ್ಕಾದಲ್ಲಿ ಅಮೆರಿಕ ಮತ್ತು ಚೀನಾದ ರಾಜತಾಂತ್ರಿಕರು ಕ್ಯಾಮೆರಾಗಳ ಎದುರೇ ಜಗಳವಾಡಿದಾಗ, ಎರಡೂ ವರ್ಷಗಳ ಮಾತುಕತೆಯ ಮೇಜಿನ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಚೀನೀಯರು ಹಂಚಿಕೊಂಡರು. ವಿವರಣೆಯೇ ಬೇಕಾಗಲಿಲ್ಲ.

ಇಲ್ಲಿಯವರೆಗೆ ನೋವು. ಇನ್ನು ನಾಟಕ. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ಪ್ರತಿಭಟನಾಕಾರರ ರಕ್ತ ಹರಿದ ನಂತರ, ಕ್ರಾಂತಿಯ ಮಾತು ಯುವಕರಿಗೆ ಹಿಡಿಸದಾದಾಗ, ಕಮ್ಯುನಿಸ್ಟ್ ಪಕ್ಷ 1990ರ ದಶಕದಲ್ಲಿ ‘ದೇಶಭಕ್ತಿ ಶಿಕ್ಷಣ’ಕ್ಕೆ ಕೈಹಾಕಿತು. ಪಠ್ಯಪುಸ್ತಕ, ವಸ್ತುಸಂಗ್ರಹಾಲಯ, ಸ್ಮಾರಕ ಎಲ್ಲೆಡೆ ಅವಮಾನದ ಪಾಠ. ಆ ಪಾಠದಲ್ಲಿ ಕಳೆದುಕೊಂಡದ್ದಕ್ಕಷ್ಟೇ ಲೆಕ್ಕ. ಅಫೀಮು ಯುದ್ಧದಲ್ಲಿ ಸೋತ ಇದೇ ಚಿಂಗ್ ರಾಜವಂಶ 18ನೇ ಶತಮಾನದಲ್ಲಿ ಷಿನ್‌ಜಿಯಾಂಗ್ ಗೆದ್ದುಕೊಂಡದ್ದು ಅಲ್ಲಿ ಸಾಮ್ರಾಜ್ಯಶಾಹಿ ಅನ್ನಿಸಿಕೊಳ್ಳುವುದಿಲ್ಲ. ಅರುಣಾಚಲದ ಗಡಿಯ ಮೆಕ್‌ಮಹೋನ್ ರೇಖೆ ಬ್ರಿಟಿಷರು ಎಳೆದದ್ದು, ಆದ್ದರಿಂದ ಅಕ್ರಮ ಎನ್ನುವ ಬೀಜಿಂಗ್, ಚಿಂಗ್ ಸಾಮ್ರಾಜ್ಯದಿಂದ ಬಂದ ನೆಲದ ಮಾತು ಬಂದಾಗ ಬೇರೆಯೇ ತಕ್ಕಡಿ ಹಿಡಿಯುತ್ತದೆ.

ನನಗೆ ಎಲ್ಲಕ್ಕಿಂತ ಕುತೂಹಲ ರಷ್ಯಾದ್ದು. ಆ ಕಾಲದಲ್ಲಿ ಚೀನಾದಿಂದ ಹೆಚ್ಚು ನೆಲ ತೆಗೆದುಕೊಂಡದ್ದು ಬ್ರಿಟನ್ ಅಲ್ಲ, ರಷ್ಯಾ. 1858ರ ಐಗುನ್, 1860ರ ಪೀಕಿಂಗ್ ಒಪ್ಪಂದಗಳಲ್ಲಿ ಸುಮಾರು 10 ಲಕ್ಷ ಚದರ ಕಿಲೋಮೀಟರ್. ವ್ಲಾಡಿವೊಸ್ಟಾಕ್ ನಗರ ಎದ್ದದ್ದು ಆ ನೆಲದ ಮೇಲೆ. 1969ರಲ್ಲಿ ಗಡಿಯ ಉಸ್ಸುರಿ ನದಿಯ ದ್ವೀಪವೊಂದಕ್ಕಾಗಿ ಎರಡೂ ಸೇನೆಗಳು ಗುಂಡು ಹಾರಿಸಿಕೊಂಡಿದ್ದವು. ಇಂದು ಗಡಿಯ ತಂಟೆ ಕಾಗದದ ಮೇಲೆ ಬಗೆಹರಿದಿದೆ, ಅಮೆರಿಕದ ವಿರುದ್ಧ ಇಬ್ಬರೂ ಜೊತೆಗಿದ್ದಾರೆ. ಹಾಗಾಗಿ ಬ್ರಿಟನ್ನಿನ ಹಾಂಗ್‌ಕಾಂಗ್ ಬಗ್ಗೆ ಕೇಳಿಬರುವ ಗುಡುಗು ಇಲ್ಲಿ ಇಲ್ಲ.

ಹಾಗೆಂದು ಮರೆತಿದ್ದಾರೆಯೇ? 2023ರ ಫೆಬ್ರುವರಿಯಲ್ಲಿ ಚೀನಾದ ನೈಸರ್ಗಿಕ ಸಂಪನ್ಮೂಲ ಸಚಿವಾಲಯ ಭೂಪಟ ತಯಾರಕರಿಗೆ ಒಂದು ನಿಯಮ ಹೊರಡಿಸಿತು. ವ್ಲಾಡಿವೊಸ್ಟಾಕ್ ಹೆಸರಿನ ಜೊತೆ ಅದರ ಹಳೆಯ ಚೀನೀ ಹೆಸರು ‘ಹೈಶೆನ್‌ವೈ’ಯನ್ನೂ ಬರೆಯಬೇಕು. ಮರುತಿಂಗಳೇ ಷಿ ಜಿನ್‌ಪಿಂಗ್ ಮಾಸ್ಕೋಗೆ ಹೋಗಿ ಪುಟಿನ್ ಕೈಕುಲುಕಿ ಬಂದರು.